ಕಾಡಿನ ಜಿಂಕೆಗೆ ಒಂದೇ ಕೊಂಬು ಸೊಟ್ಟಗೆ ಬೆಳೆಯುವುದು ಏಕೆ?

ಬಲಗೊಂಬು ನೆಟ್ಟಗಿದ್ದು, ಎಡಗೊಂಬು ಮಾತ್ರ ಕಿವಿಯ ಪಕ್ಕಕ್ಕೆ ಜೋತುಬಿದ್ದ ಗಂಡುಜಿಂಕೆಯ ಫೋಟೊ ಹಾಕಿ 'ಇದು ರೋಗವೋ, ತಳಿದೋಷವೋ?' ಎಂದು ಕೇಳಿದ್ದೀರಿ. ನಾನು ಪಶುವೈದ್ಯ. ಇಂಥ ಫೋಟೊ ಸಿಕ್ಕರೆ ಕೊಂಬನ್ನು ಬಿಟ್ಟು ಮೊದಲು ಕಾಲು ನೋಡುತ್ತೇನೆ. ನಿಮ್ಮ ಫೋಟೊವನ್ನೇ ಹಿಗ್ಗಿಸಿ ನೋಡಿ: ಬಲ ಹಿಂಗಾಲಿನ ಕೀಲು ಊದಿಕೊಂಡಿದೆ, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿದೆ. ನನ್ನ ಅನುಮಾನ ಆ ಕಾಲಿನ ಮೇಲೆಯೇ.

ಹಿಂಗಾಲಿಗೆ ಜೋರು ಪೆಟ್ಟಾದರೆ ಎದುರು ಬದಿಯ ಕೊಂಬು ಕೆಡುವುದು ಜಿಂಕೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಯಾಕೆ ಎದುರು ಬದಿಯೇ ಅನ್ನುವುದಕ್ಕೆ ಎಲ್ಲರೂ ಒಪ್ಪುವ ವಿವರಣೆ ಇನ್ನೂ ಸಿಕ್ಕಿಲ್ಲ.

ತಳಿದೋಷ ಅನ್ನುವುದು ಸುಲಭದ ಉತ್ತರ, ಆದರೆ ಇಲ್ಲಿ ನನಗೆ ಒಪ್ಪಿಗೆಯಿಲ್ಲ. ತಳಿಯಲ್ಲೇ ಕುಂದಿದ್ದರೆ ಸಾಮಾನ್ಯವಾಗಿ ಎರಡೂ ಕೊಂಬಿನಲ್ಲಿ ಕಾಣಿಸಬೇಕಿತ್ತು. ಮೇವು ಸಾಲದಿದ್ದರೂ, ವಯಸ್ಸಾಗಿದ್ದರೂ ಅಷ್ಟೆ, ಎರಡೂ ಒಟ್ಟಿಗೆ ಸಣಕಲಾಗುತ್ತವೆ.

ಕಾಲಲ್ಲದಿದ್ದರೆ ಕೊಂಬಿಗೇ ಪೆಟ್ಟು ಬಿದ್ದಿರಬಹುದು. ಹಸು, ಕುರಿಗಳ ಕೋಡಿನ ಹಾಗೆ ಇದು ಜೀವಮಾನವಿಡೀ ಉಳಿಯುವುದಲ್ಲ. ಅಪ್ಪಟ ಮೂಳೆ; ಉದುರುತ್ತದೆ, ಮತ್ತೆ ಬೆಳೆಯುತ್ತದೆ. ದೊಡ್ಡ ಜಾತಿಗಳಲ್ಲಿ ಭರದ ಬೆಳವಣಿಗೆಯ ಹೊತ್ತಿಗೆ ದಿನಕ್ಕೆ 2 ಸೆಂ.ಮೀ. ಆಸುಪಾಸು! ಆಗ ಅದರ ಮೇಲೆ ಮಕಮಲ್ಲಿನಂಥ ತೊಗಲು, ತೊಗಲಿನ ತುಂಬ ರಕ್ತನಾಳ. ಮುಟ್ಟಿದರೆ ಬೆಚ್ಚಗೆ, ತುದಿ ಮೆತ್ತಗೆ. ಆ ದಿನಗಳಲ್ಲಿ ಬೇಲಿಗೋ ಮರಕ್ಕೋ ಬಡಿದರೆ ಬಾಗಿದ ಕೊಂಬು ಬಾಗಿದಂತೆಯೇ ಗಟ್ಟಿಯಾಗುತ್ತದೆ. ಅದು ಉದುರಿದ ಮೇಲೆ ಮುಂದಿನದು ಬಹುತೇಕ ಸರಿಯಾಗಿಯೇ ಬರುತ್ತದೆ. ಕೊಂಬು ಹುಟ್ಟುವ ಹಣೆಮೂಳೆಯ ಮೋಟು ಸೀಳಿದ್ದರೆ ಮಾತ್ರ ವರ್ಷ ವರ್ಷವೂ ಸೊಟ್ಟವೇ.

ಎರಡೂ ಕಡೆ ವಿಕಾರವಾಗಿದ್ದರೆ ಬೇರೆ ಕಥೆ. ಕೊಂಬು ಗಟ್ಟಿಯಾಗಿ ತೊಗಲು ಸುಲಿಯಬೇಕಾದರೆ ವೃಷಣದಲ್ಲಿ ತಯಾರಾಗುವ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಏರಬೇಕು, ಉದುರಬೇಕಾದರೆ ಇಳಿಯಬೇಕು. ವೃಷಣಕ್ಕೆ ಗಾಯವೋ ಕಾಯಿಲೆಯೋ ಆಗಿ ಈ ಏರಿಳಿತವೇ ನಿಂತುಹೋದರೆ ತೊಗಲು ಸುಲಿಯುವುದಿಲ್ಲ, ಕೊಂಬು ಉದುರುವುದೂ ಇಲ್ಲ, ಗಂಟಿನ ಮೇಲೆ ಗಂಟು ಕಟ್ಟುತ್ತಲೇ ಹೋಗುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಯಲ್ಲಿ ಇಂಥದನ್ನು 'ಕ್ಯಾಕ್ಟಸ್ ಬಕ್' ಅನ್ನುತ್ತಾರೆ. ಯುರೋಪಿನ ರೋ ಜಿಂಕೆಯಲ್ಲಂತೂ ಈ ಗಂಟುಗಳ ರಾಶಿ ಕೆಲವೊಮ್ಮೆ ಕಣ್ಣಿನ ಮೇಲೆಯೇ ಇಳಿಬೀಳುತ್ತದೆ. ಗಟ್ಟಿ ಕೊಂಬಿದ್ದಾಗ ವೃಷಣ ಹೋದರೆ ತದ್ವಿರುದ್ಧ, ಕೆಲವೇ ವಾರಗಳಲ್ಲಿ ಕೊಂಬು ಕಳಚಿ ಬೀಳುತ್ತದೆ.

ಅದೇ ಜಿಂಕೆ ಮುಂದಿನ ವರ್ಷವೂ ಕಣ್ಣಿಗೆ ಬಿದ್ದರೆ ದೂರದಿಂದಲೇ ಕೊಂಬಿನ ಬುಡದ ಫೋಟೊ ತೆಗೆಯಿರಿ. ಕಾಲು ವಾಸಿಯಾಗಿದ್ದರೂ ಕೊಂಬಿನ ಸೊಟ್ಟ ಒಂದೆರಡು ವರ್ಷ ಮರುಕಳಿಸುವುದುಂಟು, ಅದಕ್ಕೆ ಗಾಬರಿ ಬೇಡ. ಹಿಡಿದು ಚಿಕಿತ್ಸೆ ಮಾಡಿಸುವ ಯೋಚನೆಯಂತೂ ಬೇಡವೇ ಬೇಡ. ಹಿಡಿಯುವ ಗಾಬರಿಗೇ ಜಿಂಕೆಗಳು ಸಾಯುತ್ತವೆ. ಬುಡದಲ್ಲಿ ಕೀವು ಸೋರುತ್ತಿದ್ದು, ಪ್ರಾಣಿ ತಲೆ ವಾಲಿಸಿಕೊಂಡು ಸುತ್ತು ಹೊಡೆಯುತ್ತಿದ್ದರೆ ಸೋಂಕು ಮಿದುಳಿಗೆ ಇಳಿದಿರಬಹುದು. ಆಗ ಮಾತ್ರ ತಡಮಾಡದೆ ಅರಣ್ಯ ಸಿಬ್ಬಂದಿಗೆ ತಿಳಿಸಿ.