ಖಾಲಿ ಹಾಲ್‌ನಲ್ಲಿ ಚೆನ್ನಾಗಿದ್ದ ಮೈಕ್, ಜನ ಬಂದ ಮೇಲೆ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ವಿರಾಜಪೇಟೆ ಹತ್ತಿರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೇನೆ. ವಾರ್ಷಿಕೋತ್ಸವಕ್ಕೆ 2.4 ಗಿಗಾಹರ್ಟ್ಸ್‌ನ ನಾಲ್ಕು ಡಿಜಿಟಲ್ ವೈರ್‌ಲೆಸ್ ಮೈಕ್ ತಂದೆವು. ಬೆಳಿಗ್ಗೆ ಟ್ರಯಲ್ ನೋಡಿದಾಗ ಎಲ್ಲ ಸರಿಯಿತ್ತು. ಸಂಜೆ ಪೋಷಕರು ಬಂದು ಕೂತ ಮೇಲೆ ಮಕ್ಕಳ ಮಾತು ನಡುನಡುವೆ ಪೂರ್ತಿ ನಿಂತುಹೋಗುತ್ತಿತ್ತು. ಗೊರಗೊರ ಸದ್ದೂ ಇಲ್ಲ, ಸುಮ್ನೆ ಮೌನ. ಮೈಕ್‌ನ ಸಿಗ್ನಲ್ ಹಿಡಿಯುವ ರಿಸೀವರ್ ಹಾಲ್‌ನ ಹಿಂದೆ ಮಿಕ್ಸರ್ ಪಕ್ಕದ ಬೆಂಚಿನ ಮೇಲಿತ್ತು. ಇನ್ನೂ ದುಬಾರಿ ಸೆಟ್ ತೆಗೆದುಕೊಳ್ಳಬೇಕಾ?

ಉತ್ತರ: ಬೇಡ ಟೀಚರ್. ನಿಮ್ಮ ಕಾಗದದಲ್ಲೇ ಕಾರಣ ಇದೆ. ರಿಸೀವರ್ ಹಿಂದಿನ ಬೆಂಚಿನ ಮೇಲಿತ್ತು, ಮಧ್ಯೆ ಜನ ಕೂತಿದ್ದರು.

ನಮ್ಮ ಮೈಯಲ್ಲಿ ಇರುವುದು ಹೆಚ್ಚಾಗಿ ನೀರು. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ಬೆಳಿಗ್ಗೆ ಖಾಲಿ ಕುರ್ಚಿಗಳ ಮೇಲೆ ಹಾದು ಬಂದ ಸಿಗ್ನಲ್, ಸಂಜೆ ನೂರಾರು ಜನರನ್ನು ದಾಟಿ ಬರಬೇಕಾಯಿತು. ಅಷ್ಟೇ ಅಲ್ಲ, ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಫೋನ್. ಬ್ಲೂಟೂತ್, ಎಷ್ಟೋ ವೈ-ಫೈ, ಹಾಟ್‌ಸ್ಪಾಟ್‌ಗಳು ಇದೇ 2400ರಿಂದ 2483.5 ಮೆಗಾಹರ್ಟ್ಸ್ ಒಳಗೆ ಓಡಾಡುತ್ತವೆ. ಈ ಜಾಗಕ್ಕೆ ಲೈಸೆನ್ಸ್ ಬೇಡ. ಅದಕ್ಕೇ ಇಲ್ಲಿ ಜಾಸ್ತಿ ನೂಕುನುಗ್ಗಲು.

ಹಳೇ ಅನಲಾಗ್ ಮೈಕ್ ಆಗಿದ್ದರೆ ಮೊದಲು ಕರಕರ ಅನ್ನುತ್ತಿತ್ತು, ನಮಗೆ ಎಚ್ಚರಿಕೆ ಸಿಗುತ್ತಿತ್ತು. ಡಿಜಿಟಲ್ ಹಾಗಲ್ಲ, ಅದು ಧ್ವನಿಯನ್ನು ಅಂಕಿಗಳಾಗಿ ಮಾಡಿ ಕಳಿಸುತ್ತದೆ. ಬಂದ ಅಂಕಿಗಳು ಅರ್ಥವಾಗುವವರೆಗೂ ಧ್ವನಿ ಶುಭ್ರ. ಅರ್ಥವಾಗದಿದ್ದ ಕ್ಷಣ ರಿಸೀವರ್ ಬಾಯಿ ಮುಚ್ಚಿಬಿಡುತ್ತದೆ.

ನನಗೂ ಇದು ಆಗಿದೆ. ಗೋಣಿಕೊಪ್ಪ ಕಡೆ ಒಂದು ಮದುವೆ. ಹೊರದೇಶದ ನೆಂಟರಿಗೆ ತೋರಿಸಲು ಲೈವ್ ಇಟ್ಟಿದ್ದರು. ಅದರ ರೌಟರ್ ಇದ್ದದ್ದು ನನ್ನ ರಿಸೀವರ್‌ನಿಂದ ಒಂದೇ ಅಡಿ ದೂರದಲ್ಲಿ. ಮನೆಯ ಹಿರಿಯಜ್ಜ ನಾಲ್ಕು ಮಾತು ಆಡಲು ಎದ್ದರು. ಬಾಯಿ ಆಡುತ್ತಿದೆ, ಸ್ಪೀಕರ್‌ನಲ್ಲಿ ಏನೂ ಇಲ್ಲ. ತಮ್ಮ ಮಾತು ಯಾರಿಗೂ ಬೇಡವಾಯಿತು ಅಂದುಕೊಂಡು ಅವರು ಮೈಕ್ ಕೊಟ್ಟು ಕೂತುಬಿಟ್ಟರು. ಆ ಅಜ್ಜನ ಮುಖ ನನಗೆ ಇನ್ನೂ ನೆನಪಿದೆ. ಅಂದಿನಿಂದ ರಿಸೀವರ್ ಎಲ್ಲಿಡಬೇಕು ಅನ್ನುವುದೇ ನನ್ನ ಮೊದಲ ಕೆಲಸ.

ನೀವು ಹೀಗೆ ಮಾಡಿ. ರಿಸೀವರನ್ನು ವೇದಿಕೆಯ ಪಕ್ಕಕ್ಕೆ ತನ್ನಿ. ಸ್ಟ್ಯಾಂಡ್ ಮೇಲೆ, ನಿಂತವರ ತಲೆಗಿಂತ ಎತ್ತರದಲ್ಲಿ ಕಟ್ಟಿ. ಮೈಕ್‌ಗೂ ಆಂಟೆನಾಗೂ ಮಧ್ಯೆ ಯಾರೂ ಬರಬಾರದು. ಅಲ್ಲಿಂದ ಮಿಕ್ಸರ್‌ಗೆ ಉದ್ದ ಆಡಿಯೋ ಕೇಬಲ್ ಎಳೆಯಿರಿ. ಆ ಕೇಬಲ್‌ನ ಖರ್ಚು ಹೊಸ ಸೆಟ್‌ನ ಮುಂದೆ ಏನೂ ಅಲ್ಲ. ಆದರೆ ಮೈಕ್‌ಗೆ ತೀರಾ ಅಂಟಿಕೊಂಡೂ ಇಡಬೇಡಿ, ಎರಡು ಮೂರು ಮೀಟರ್ ದೂರವಿರಲಿ. ಶಾಲೆಯ ವೈ-ಫೈಯನ್ನು ಆ ಹೊತ್ತಿಗೆ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ, ಇಲ್ಲವೇ ಆಫ್ ಮಾಡಿಬಿಡಿ. ಮಕ್ಕಳು ಮೈಕನ್ನು ಬುಡದಲ್ಲಿ ಹಿಡಿಯದಂತೆ ಕಲಿಸಿ. ಎಷ್ಟೋ ಹ್ಯಾಂಡ್ ಮೈಕ್‌ಗಳ ಆಂಟೆನಾ ಇರುವುದೇ ಅಲ್ಲಿ. ಪುಟ್ಟ ಕೈ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಟ್ರಯಲ್ ದಿನ ಒಂದೆರಡು ಕ್ಲಾಸಿನ ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಿ. ಲೈಟು, ಎಲ್‌ಇಡಿ ಪರದೆ, ಎಲ್ಲ ಆನ್ ಇರಲಿ. ಒಬ್ಬರು ಮೈಕ್ ಹಿಡಿದು ಮಾತಾಡುತ್ತಾ ವೇದಿಕೆಯ ಮೂಲೆಮೂಲೆಗೂ ನಡೆಯಲಿ. ಖಾಲಿ ಹಾಲ್‌ನ ಟ್ರಯಲ್ ನಂಬಬೇಡಿ.

ಪ್ರಶ್ನೆ: ಕುಪ್ಯ ಚೇಲೆ (ಕೊಡವ ಗಂಡಸರ ನಿಲುವಂಗಿ ಮತ್ತು ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ) ಉಟ್ಟವರಿಗೆ ಕಾಲರ್ ಮೈಕ್ ಹಾಕಿದರೆ ಸದಾ ಕಟ್ ಆಗುತ್ತದೆ. ಪ್ಯಾಂಟ್ ಶರ್ಟ್‌ನವರಿಗೆ ಆಗುವುದಿಲ್ಲ. ಯಾಕೆ? (ಓದುಗರು, ನಾಪೋಕ್ಲು)

ಉತ್ತರ: ಬಹಳ ಒಳ್ಳೆ ಪ್ರಶ್ನೆ. ಕಾಲರ್ ಮೈಕ್‌ನ ಸಿಗ್ನಲ್ ಕಳಿಸುವ ಪ್ಯಾಕನ್ನು ಎಲ್ಲಿ ಸಿಕ್ಕಿಸುತ್ತೀರಿ? ಚೇಲೆಯೊಳಗೆ, ಪೀಚೆಕತ್ತಿಯ ಪಕ್ಕದಲ್ಲಿ ಅಲ್ವಾ? ಒಂದು ಕಡೆ ಲೋಹದ ಕತ್ತಿ, ಅದರ ಬೆಳ್ಳಿ ಸರಪಳಿ. ಇನ್ನೊಂದು ಕಡೆ ಹೊಟ್ಟೆ. ಮೇಲೆ ಬಿಗಿಯಾಗಿ ಸುತ್ತಿದ ರೇಷ್ಮೆ. ರೇಷ್ಮೆಯಿಂದ ತೊಂದರೆಯಿಲ್ಲ, ಆದರೆ ಆ ಬಿಗಿಗೆ ಆಂಟೆನಾ ಮಡಚಿ ಮೈಗೆ ಅಂಟುತ್ತದೆ. ಪ್ಯಾಕನ್ನು ಸೊಂಟದ ಪಕ್ಕಕ್ಕೆ, ಚೇಲೆಯ ಹೊರಗೆ, ರಿಸೀವರ್ ಇರುವ ಕಡೆಗೆ ಸಿಕ್ಕಿಸಿ. ಆಂಟೆನಾ ನೇರವಾಗಿರಲಿ. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಅಂಗಳದಲ್ಲಿ ಕಾರ್ಯಕ್ರಮವಾದರೆ ಇನ್ನೂ ಜಾಗ್ರತೆ. ಹಾಲ್‌ನಲ್ಲಿ ಮೈ ಅಡ್ಡ ಬಂದರೂ ಗೋಡೆಗೆ ಬಡಿದು ಸ್ವಲ್ಪ ಸಿಗ್ನಲ್ ತಲುಪುತ್ತದೆ. ಬಯಲಲ್ಲಿ ಆ ಆಸರೆ ಇಲ್ಲ.

ಪ್ರಶ್ನೆ: ನನ್ನದು ಬಾಡಿಗೆ ಸೌಂಡ್ಸ್. ಆರು ಯುಎಚ್‌ಎಫ್ (2.4 ಗಿಗಾಹರ್ಟ್ಸ್‌ಗಿಂತ ಕೆಳಗಿನ ಫ್ರೀಕ್ವೆನ್ಸಿಯ) ಮೈಕ್ ಇವೆ. ಒಂದೊಂದಾಗಿ ಹಾಕಿದರೆ ಚೆನ್ನ, ಆರೂ ಹಾಕಿದರೆ ಗಲಾಟೆ. (ಓದುಗರು, ಕುಶಾಲನಗರ)

ಉತ್ತರ: ಫ್ರೀಕ್ವೆನ್ಸಿಗಳನ್ನು ಸಮ ಅಂತರದಲ್ಲಿ ಜೋಡಿಸಿದ್ದೀರಾ ನೋಡಿ. 600, 601, 602 ಮೆಗಾಹರ್ಟ್ಸ್ ಅಂತ ಇಟ್ಟರೆ ಮೊದಲೆರಡು ಸೇರಿ ಮೂರನೆಯದನ್ನು ಹಾಳುಮಾಡುತ್ತವೆ. 601ರ ಎರಡರಷ್ಟು 1202. ಅದರಲ್ಲಿ 600 ಕಳೆದರೆ 602. ನಿಮ್ಮ ಮೂರನೇ ಮೈಕ್ ಕೂತಿರುವುದೇ ಅಲ್ಲಿ! ಡಿಜಿಟಲ್ ಸೆಟ್‌ಗಳು ಇದನ್ನು ಸ್ವಲ್ಪ ತಡೆದುಕೊಳ್ಳುತ್ತವೆ, ಅನಲಾಗ್ ತಡೆಯುವುದಿಲ್ಲ. ಸೆಟ್‌ನಲ್ಲಿ ಕಂಪನಿಯೇ ಜೋಡಿಸಿ ಕೊಟ್ಟ ಫ್ರೀಕ್ವೆನ್ಸಿಗಳ ಗ್ರೂಪ್ ಇದ್ದರೆ ಅದನ್ನೇ ಬಳಸಿ. ಮೊದಲು ನಿಮ್ಮ ಮೈಕ್ ಎಲ್ಲ ಆಫ್ ಮಾಡಿ ಸ್ಕ್ಯಾನ್ ಮಾಡಿ, ಆಮೇಲೆ ಒಂದೊಂದಾಗಿ ಆನ್ ಮಾಡುತ್ತಾ ಹೋಗಿ. ಆನ್ ಆಗಿರುವ ಮೈಕ್‌ಗಳನ್ನು ರಿಸೀವರ್ ಮುಂದೆ ಗುಂಪಾಗಿ ಮಲಗಿಸಬೇಡಿ.

ನಿಮ್ಮ ಸೆಟ್ 703ರಿಂದ 803 ಮೆಗಾಹರ್ಟ್ಸ್ ಒಳಗೆ ಓಡುವುದಾದರೆ ಅದನ್ನು ಬಿಟ್ಟುಬಿಡಿ. 2022ರ ಸ್ಪೆಕ್ಟ್ರಂ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡ್ ಮೊಬೈಲ್ ಕಂಪನಿಗೆ ಹೋಗಿದೆ. ಟವರ್ ಜೊತೆ ನಾವು ಗುದ್ದಾಡಿ ಗೆಲ್ಲಲಾಗದು. ಇನ್ನು ಮಡಿಕೇರಿ ದಸರಾ ರಾತ್ರಿಯಂತೆ ಒಂದರ ಪಕ್ಕ ಒಂದು ಮಂಟಪ, ಒಂದೊಂದಕ್ಕೂ ಬೇರೆ ಸೌಂಡ್ ಇರುವ ಕಡೆ, ನಿಮ್ಮ ಫ್ರೀಕ್ವೆನ್ಸಿಗಳನ್ನು ಚೀಟಿಯಲ್ಲಿ ಬರೆದು ಪಕ್ಕದವರಿಗೆ ಕೊಡಿ, ಅವರದ್ದು ಕೇಳಿ ಪಡೆಯಿರಿ. ಐದು ನಿಮಿಷದ ಕೆಲಸ.

ಪ್ರಶ್ನೆ: ಮಂಜು, ಮಳೆಗೆ ವೈರ್‌ಲೆಸ್ ಸಿಗ್ನಲ್ ಕಟ್ ಆಗುತ್ತದೆ ಅನ್ನುತ್ತಾರೆ, ನಿಜವಾ? (ಓದುಗರು, ಭಾಗಮಂಡಲ)

ಉತ್ತರ: ಇಪ್ಪತ್ತು ಮೂವತ್ತು ಮೀಟರ್ ದೂರಕ್ಕೆ ನಮ್ಮ ಮಂಜು, ಮಳೆ ಲೆಕ್ಕಕ್ಕೇ ಇಲ್ಲ. ಮೈಯಲ್ಲಿರುವಷ್ಟು ನೀರು ಆ ಹನಿಗಳಲ್ಲಿ ಇಲ್ಲ, ಹಾಗಾಗಿ ಈ ಫ್ರೀಕ್ವೆನ್ಸಿಗಳನ್ನು ಅವು ತಡೆಯುವುದು ತೀರಾ ಕಡಿಮೆ. ಹಾಳಾಗುವುದು ಮೈಕ್‌ನ ತಲೆ. ಜಾಳಿಗೆಯ ಒಳಗಿನ ಸ್ಪಂಜು ಒದ್ದೆಯಾದರೆ ಧ್ವನಿ ಮಂಕಾಗುತ್ತದೆ, ಜನ ಅದನ್ನೇ ಸಿಗ್ನಲ್ ಹೋಯಿತು ಅನ್ನುತ್ತಾರೆ. ಕಾರ್ಯಕ್ರಮ ಮುಗಿದ ರಾತ್ರಿಯೇ ಜಾಳಿಗೆ ಬಿಚ್ಚಿ, ಸ್ಪಂಜು ಹಿಂಡಿ ಒಣಗಲು ಇಡಿ. ಸೆಲ್‌ಗಳನ್ನು ಹೊರಗೆ ತೆಗೆಯಿರಿ. ಒದ್ದೆ ಮೈಕನ್ನು ಹಾಗೇ ಪೆಟ್ಟಿಗೆಗೆ ಹಾಕಿಟ್ಟರೆ ಒಂದೇ ಮಳೆಗಾಲದಲ್ಲಿ ಒಳಗೆಲ್ಲ ಬೂಷ್ಟು ಹಿಡಿದಿರುತ್ತದೆ.