ದೊಡ್ಡ ಕ್ಲಾಸಿನಲ್ಲಿ ಕ್ಲಿಕ್ಕರ್ ಬಳಸಿದರೆ ನಿಜಕ್ಕೂ ಉಪಯೋಗ ಇದೆಯಾ?

200 ಜನ ಕೂರುವ ಕ್ಲಾಸಿಗೆ ನಿಮ್ಮ ವಿಭಾಗ ಕ್ಲಿಕ್ಕರ್ (ಪ್ರತಿ ವಿದ್ಯಾರ್ಥಿಯೂ ಗುಂಡಿ ಒತ್ತಿ ಉತ್ತರ ಆರಿಸುವ ಪುಟ್ಟ ಯಂತ್ರ) ತರಿಸುತ್ತಿದೆ, ಇದರಿಂದ ವಿದ್ಯಾರ್ಥಿಗಳು ಏನಾದರೂ ಕಲಿಯುತ್ತಾರಾ ಅಥವಾ ಹಾಜರಿ ಹಾಕುವುದಕ್ಕೆ ಮಾತ್ರಾನಾ ಅಂತ ಕೇಳಿದ್ದೀರಿ. ನಾನು ಪದವಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ, ಕೆಲವು ವರ್ಷಗಳಿಂದ ಕ್ಲಿಕ್ಕರ್ ಬಳಸುತ್ತಿದ್ದೇನೆ. ಉಪಯೋಗ ಖಂಡಿತ ಇದೆ. ಅದೆಲ್ಲ ಇರುವುದು ಮೊದಲ ಸಲ ಗುಂಡಿ ಒತ್ತಿ ಎರಡನೇ ಸಲ ಒತ್ತುವ ನಡುವಿನ ಎರಡು ಮೂರು ನಿಮಿಷಗಳಲ್ಲಿ.

ಒಂದು ಪ್ರಶ್ನೆ ನೋಡಿ. ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದೇವೆ. ತುತ್ತತುದಿ ಮುಟ್ಟಿದ ಕ್ಷಣದಲ್ಲಿ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) ಎಷ್ಟು? ತುಂಬಾ ಜನ 'ಸೊನ್ನೆ' ಒತ್ತುತ್ತಾರೆ. ವೇಗ ಸೊನ್ನೆ ಆಗಿದೆಯಲ್ಲ, ಜೊತೆಗೆ ಇದೂ ಸೊನ್ನೆ ಅನ್ನುವ ನಂಬಿಕೆ. ಸೂತ್ರ ಹಾಕಿ ಲೆಕ್ಕ ಮಾಡಿ ಅಂದರೆ ಇವರೇ ಸರಿಯಾಗಿ ಮಾಡುತ್ತಾರೆ. ಹಾಗಾಗಿ ಉತ್ತರಪತ್ರಿಕೆ ತಿದ್ದುವಾಗ ಈ ತಪ್ಪು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಎಲ್ಲರೂ ಒತ್ತಿದ ಮೇಲೆ ನಾನು ಸರಿ ತಪ್ಪು ಹೇಳುವುದಿಲ್ಲ. ಬೇರೆ ಉತ್ತರ ಒತ್ತಿದವರನ್ನು ಹುಡುಕಿ ವಾದ ಮಾಡಿ, ಆಮೇಲೆ ಅದೇ ಪ್ರಶ್ನೆಗೆ ಇನ್ನೊಮ್ಮೆ ಒತ್ತಿ ಅನ್ನುತ್ತೇನೆ. ಕ್ಲಾಸು ಗದ್ದಲವಾಗುತ್ತದೆ, ಆಗಲಿ ಬಿಡಿ. ಒಮ್ಮೆ ನಡುಬೆಂಚಿನಿಂದ ಒಬ್ಬ ಹುಡುಗಿಯ ಮಾತು ಕೇಳಿಸಿತು: "ವೇಗೋತ್ಕರ್ಷಾನೂ ಸೊನ್ನೆ ಆದ್ರೆ ಚೆಂಡು ಅಲ್ಲೇ ನಿಂತುಬಿಡ್ಬೇಕಿತ್ತು ಅಲ್ವಾ?" ಇಷ್ಟು ಸಲೀಸಾಗಿ ನಾನು ಎಂದೂ ಹೇಳಿರಲಿಲ್ಲ. ಈಗಷ್ಟೇ ಅರ್ಥ ಮಾಡಿಕೊಂಡವರಿಗೆ ತಾವು ಎಲ್ಲಿ ಎಡವಿದ್ದೆವು ಅನ್ನುವುದು ನೆನಪಿರುತ್ತದೆ. ನಮಗೆ ಅದು ಮರೆತು ಎಷ್ಟೋ ವರ್ಷವಾಗಿರುತ್ತದೆ.

ಹೀಗೆ ಕಲಿಸುವುದನ್ನು ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಲ್ಲಿ ಶುರು ಮಾಡಿದರು. ಜಾಣರ ಉತ್ತರವನ್ನು ಪಕ್ಕದವರು ಸುಮ್ನೆ ಒಪ್ಪಿಕೊಳ್ಳುತ್ತಾರೆ ಅಷ್ಟೇ ಅಂತ ನನಗೂ ಅನುಮಾನವಿತ್ತು. ಕೊಲೊರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನ ಕ್ಲಾಸಿನಲ್ಲಿ ಅದನ್ನೇ ಪರೀಕ್ಷಿಸಿದ್ದಾರೆ. 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಬಂತು. ಚರ್ಚೆಯ ನಂತರ ಅದೇ ವಿಷಯದ ಮೇಲೆ ಇನ್ನೊಂದು ಪ್ರಶ್ನೆ ಕೊಟ್ಟು, ಒಬ್ಬೊಬ್ಬರೇ ಉತ್ತರಿಸಿ ಅಂದರು. ಸರಿ ಉತ್ತರ ಜಾಸ್ತಿಯಾಯಿತು. ಗುಂಪಿನಲ್ಲಿ ಮೊದಲು ಒಬ್ಬರಿಗೂ ಉತ್ತರ ಗೊತ್ತಿಲ್ಲದಿದ್ದಾಗಲೂ ಚರ್ಚೆಯಿಂದ ತಿಳಿವಳಿಕೆ ಬೆಳೆಯುತ್ತದೆ ಅಂತ ಅವರು ಕಂಡುಕೊಂಡರು. ಅದನ್ನು ಓದಿದ ಮೇಲೆ ನನ್ನ ಅನುಮಾನ ಹೋಯಿತು.

ನಾನು ಮಾಡಿದ ದೊಡ್ಡ ತಪ್ಪೊಂದನ್ನು ನೀವು ಮಾಡಬೇಡಿ. ಮೊದಲ ಸುತ್ತಿನ ಗ್ರಾಫ್ ಅನ್ನು ತೆರೆಯ ಮೇಲೆ ತೋರಿಸುತ್ತಿದ್ದೆ. ಎತ್ತರದ ಕಂಬ ಕಂಡ ಕೂಡಲೇ ಅದೇ ಸರಿ ಅಂದುಕೊಂಡು ಮಾತು ನಿಂತುಹೋಗುತ್ತಿತ್ತು. ಒಂದು ದಿನ ಆ ಕಂಬ ತಪ್ಪು ಉತ್ತರದ್ದಾಗಿತ್ತು, ಎರಡನೇ ಸುತ್ತಿನಲ್ಲಿ ಅದು ಇನ್ನೂ ಎತ್ತರವಾಯಿತು. ಈಗ ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಸರಿ ಉತ್ತರ ಶೇಕಡ 30ರಿಂದ 70ರೊಳಗೆ ಇದ್ದರೆ ಚರ್ಚೆಗೆ ಬಿಡುತ್ತೇನೆ. ಅದಕ್ಕಿಂತ ಕಡಿಮೆ ಇದ್ದರೆ ಪಾಠವನ್ನೇ ಇನ್ನೊಮ್ಮೆ ಹೇಳಬೇಕು. ಜಾಸ್ತಿ ಇದ್ದರೆ ಎರಡು ಮಾತು ಹೇಳಿ ಮುಂದಕ್ಕೆ.

ಹಾಜರಿಗೆ ಬಳಸಬೇಡಿ, ಒಬ್ಬರ ಚೀಲದಲ್ಲಿ ನಾಲ್ಕು ಜನರ ಕ್ಲಿಕ್ಕರ್ ಬರುತ್ತದೆ. ಸರಿ ಉತ್ತರಕ್ಕೆ ಅಂಕ ಇಟ್ಟರೂ ಕಷ್ಟ. ವಾದ ಮಾಡುವ ಬದಲು ಗುಂಪಿನ ಜಾಣರು ಏನು ಒತ್ತಿದರು ಅಂತ ಇಣುಕುತ್ತಾರೆ.

ಸಮಯ ಮಾತ್ರ ಹಿಡಿಯುತ್ತದೆ. ಒಂದು ಪ್ರಶ್ನೆಗೆ ಐದಾರು ನಿಮಿಷ ಬೇಕು. ಒಂದು ಗಂಟೆಯಲ್ಲಿ ಮೂರು ಪ್ರಶ್ನೆ ಆದರೆ ಹೆಚ್ಚು. ಬೋರ್ಡಿನ ಮೇಲೆ ಸೂತ್ರ ಸಾಧಿಸುವುದನ್ನು ನಾನು ಕಡಿಮೆ ಮಾಡಿದೆ, ಅದನ್ನು ಮನೆಯಲ್ಲಿ ಓದಿಕೊಂಡು ಬರಲು ಹೇಳಿದೆ. ಒಳ್ಳೆಯ ಪ್ರಶ್ನೆ ಬರೆಯುವುದಕ್ಕೂ ಇಡೀ ಸಂಜೆ ಬೇಕಾಗುತ್ತದೆ. ತಪ್ಪು ಆಯ್ಕೆಗಳನ್ನು ನಾನು ಕೂತು ಹೊಸೆಯುವುದಿಲ್ಲ, ವಿದ್ಯಾರ್ಥಿಗಳು ಹಿಂದೆ ನಿಜವಾಗಿ ಬರೆದ ತಪ್ಪುಗಳನ್ನೇ ಹಾಕುತ್ತೇನೆ.

ಯಂತ್ರ ಬರುವ ತನಕ ಕಾಯಬೇಕಾಗಿಲ್ಲ. ಎ, ಬಿ, ಸಿ, ಡಿ ಬರೆದ ಕಾರ್ಡ್ ಎತ್ತಿ ಹಿಡಿಸಿದರೂ ಸಾಕು. ಭೌತಶಾಸ್ತ್ರದ ಅಧ್ಯಾಪಕ ನಥಾನಿಯಲ್ ಲಾಸ್ರಿ 2008ರಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ನಾನು ಕ್ಲಿಕ್ಕರ್ ಬಿಟ್ಟಿಲ್ಲ. ಕಾರ್ಡ್ ಎತ್ತುವಾಗ ಹಿಂದಿನ ಸಾಲಿನವರು ಮುಂದಿನವರ ಕೈ ನೋಡಿ ಎತ್ತುತ್ತಿದ್ದರು. ಕ್ಲಿಕ್ಕರ್ ಇದ್ದರೆ, ಇಡೀ ಸೆಮಿಸ್ಟರ್ ಬಾಯಿ ಬಿಡದವರ ಉತ್ತರವೂ ಅವರದ್ದೇ ಆಗಿ ನನಗೆ ಬಂದು ಸೇರುತ್ತದೆ.