ಮಠದ ದಾಸೋಹ ಮತ್ತು ಮನೆಯ ಮಂಚ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ನನ್ನ ಬಳಿ ಸಲಹೆಗೆ ಬಂದವರು ಮಧ್ಯ ಕರ್ನಾಟಕದ ಲಿಂಗಾಯತ ದಂಪತಿ. ಪತಿ 64ರ ನಿವೃತ್ತ ನೌಕರರು, ಪತ್ನಿಗೆ 59. ಡಿಮೆನ್ಷಿಯಾ, ಅಂದರೆ ನೆನಪು ಮತ್ತು ವಿವೇಚನೆ ಕ್ರಮೇಣ ಕುಂದುವ ಕಾಯಿಲೆಗೆ ತುತ್ತಾಗಿದ್ದ 86ರ ಅತ್ತೆಯನ್ನು ನಾಲ್ಕು ವರ್ಷಗಳಿಂದ ಪತ್ನಿಯೊಬ್ಬರೇ ನೋಡಿಕೊಳ್ಳುತ್ತಿದ್ದರು. ಪತಿಯಾದರೋ ಬೆಳಗಿನ ಇಷ್ಟಲಿಂಗ ಪೂಜೆ ಮುಗಿಸಿ ಮಠಕ್ಕೆ ಹೋದರೆ, ದಾಸೋಹಕ್ಕೆ ತರಕಾರಿ ಹೆಚ್ಚಿ, ಪಂಕ್ತಿಯಲ್ಲಿ ಬಡಿಸಿ, ಎಲೆ ಎತ್ತಿ, ಮನೆಗೆ ಮರಳುವಾಗ ಮೂರು ಗಂಟೆ ದಾಟಿರುತ್ತಿತ್ತು.

"ಊರಿಗೆಲ್ಲ ಬಡಿಸ್ತಾರೆ, ಹೆತ್ತ ತಾಯಿಗೆ ಒಂದು ತುತ್ತು ಉಣಿಸಿದ್ದು ನಾನು ಕಾಣೆ" ಎಂಬುದು ಪತ್ನಿಯ ದೂರು. "ನಾನೇನು ಇಸ್ಪೀಟು ಆಡೋಕೆ ಹೋಗ್ತೀನೇನ್ರೀ ಮೇಡಂ?" ಎಂದು ಪತಿ ನನ್ನನ್ನೇ ಕೇಳಿದರು. ಮನೆಯ ಹೊಣೆ ಮೊದಲು ಎಂದು ನಾನು ಅವಸರದಲ್ಲಿ ಹೇಳಿಬಿಟ್ಟೆ. ಅದು ತಪ್ಪಾಯಿತು. ತಮ್ಮ ಭಕ್ತಿಯೇ ಸುಳ್ಳೆಂದು ನಾನು ತೀರ್ಪು ಕೊಟ್ಟಂತೆ ಅವರಿಗೆ ಕೇಳಿಸಿತ್ತು. ಮುಂದಿನ ಎರಡು ಭೇಟಿಗಳಿಗೆ ಬರಲಿಲ್ಲ.

ಪತ್ನಿಯ ರಕ್ತದೊತ್ತಡ ಏರಿದ ಮೇಲೆ ಪತಿ ಒಬ್ಬರೇ ಬಂದರು. ಬಹಳ ಹೊತ್ತಿನ ನಂತರ, ಅವ್ವ ತನ್ನನ್ನು ದಿನಕ್ಕೆ ಹತ್ತು ಸಲ "ನೀನು ಯಾರಪ್ಪಾ?" ಎಂದು ಕೇಳುತ್ತಾಳೆಂದೂ, ಮಠದಲ್ಲಾದರೆ ಮಕ್ಕಳೂ ಹೆಸರು ಹಿಡಿದು ಕರೆಯುತ್ತಾರೆಂದೂ ಹೇಳಿ ಅತ್ತರು. ಅವರು ತಪ್ಪಿಸಿಕೊಳ್ಳುತ್ತಿದ್ದದ್ದು ಕೆಲಸದಿಂದಲ್ಲ, ಆ ಪ್ರಶ್ನೆಯಿಂದ ಎಂಬುದು ನನಗೆ ಆಗ ತಿಳಿಯಿತು.

ಧರ್ಮದ ಮಾತನ್ನು ನಾನಾಗಿ ಎತ್ತುವ ರೂಢಿ ನನಗಿಲ್ಲ. ಆದರೆ ಇವರು ಯೋಚಿಸುವುದೇ ಶರಣರ ಮಾತಿನಲ್ಲಿ. 12ನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆಯನ್ನು ಅವರೇ ನೆನಪಿಸಿಕೊಂಡರು. "ನಿಮ್ಮ ಮನೆಯ ಲಕ್ಕಮ್ಮ ಏನು ಹೇಳುತ್ತಿದ್ದಾರೆ?" ಎಂದಷ್ಟೇ ಕೇಳಿದೆ.

ಮಠವನ್ನು ಬಿಡಬೇಡಿ, ವಾರಕ್ಕೆ ಮೂರು ದಿನ ಹೋಗಿ ಎಂದು ಸಲಹೆ ಕೊಟ್ಟೆ. ಉಳಿದ ದಿನಗಳಲ್ಲಿ ತಾಯಿಯ ಊಟ, ಮತ್ತು ಪ್ರತಿದಿನ ಸಂಜೆ ನಾಲ್ಕರಿಂದ ಏಳರವರೆಗಿನ ಹೊತ್ತು ಅವರ ಪಾಲಿಗೆ ಬಂತು. ಈ ಕಾಯಿಲೆಯಲ್ಲಿ ಹೊತ್ತು ಇಳಿಯುವಾಗ ಅನೇಕರಿಗೆ ಕಳವಳ ಹೆಚ್ಚುವುದರಿಂದ, ಮಬ್ಬುಗತ್ತಲಾಗುವ ಮೊದಲೇ ದೀಪ ಹಾಕಬೇಕು, ಟಿವಿಯ ಸದ್ದು ತಗ್ಗಿಸಬೇಕು. "ಮನೆಗೆ ಹೋಗಬೇಕು" ಎಂದು ಹಟ ಹಿಡಿದರೆ "ಇದೇ ನಿನ್ನ ಮನೆ" ಎಂದು ವಾದಿಸುವ ಬದಲು, "ಆ ಮನೆಯ ಅಂಗಳದಲ್ಲಿ ಏನಿತ್ತವ್ವಾ?" ಎಂದು ಕೇಳಬೇಕು. "ನೀನು ಯಾರು" ಎಂದರೆ ಪರೀಕ್ಷೆ ಒಡ್ಡದೆ, ನೋಯದೆ ಇರಲಾಗದಿದ್ದರೂ ಮೆಲ್ಲಗೆ ಹೆಸರು ಹೇಳಬೇಕು. ಅವರೆಕಾಯಿ ಸುಲಿಯುವಂಥ, ಕೈಗೆ ರೂಢಿಯಿರುವ ಕೆಲಸವನ್ನು ಮುಂದಿಡಬಹುದು. ಸುಲಿದದ್ದು ಸರಿಯಾಗಿದೆಯೇ ಎಂಬುದು ಮುಖ್ಯವಲ್ಲ. ಗೊಂದಲ ಇದ್ದಕ್ಕಿದ್ದಂತೆ ಹೆಚ್ಚಿದರೆ ಮೂತ್ರದ ಸೋಂಕೂ ಕಾರಣವಿರಬಹುದಾದ್ದರಿಂದ ಅದನ್ನು ವಯಸ್ಸಿನ ಮೇಲೆ ಹಾಕದೆ ವೈದ್ಯರಿಗೆ ತೋರಿಸಬೇಕು. ಪತ್ನಿಗೆ ಆ ಮೂರು ಗಂಟೆಗಳಲ್ಲಿ ಅಡುಗೆಮನೆಗೆ ಹೋಗಬಾರದೆಂದು ಹೇಳಿದೆ. ಅದಕ್ಕೆ ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು.

ನಾಲ್ಕು ತಿಂಗಳಾಗಿವೆ. ತಾಯಿ ಈಗಲೂ ಮಗನನ್ನು ಗುರುತಿಸುವುದಿಲ್ಲ. ತನ್ನ ತಮ್ಮನೆಂದುಕೊಂಡು ಅವರೆಕಾಳಿನ ಲೆಕ್ಕ ಒಪ್ಪಿಸುತ್ತಾರಂತೆ, ಇವರೂ "ಹ್ಞೂಂ ಅಕ್ಕಾ" ಎನ್ನುತ್ತಾರಂತೆ. ಪತ್ನಿ ಮೂರು ದಿನ ತಂಗಿಯ ಮನೆಗೆ ಹೋಗಿಬಂದಿದ್ದಾರೆ. ರಾತ್ರಿ ಡೈಪರ್ ಬದಲಿಸಲು ಮಾತ್ರ ಪತಿ ಇನ್ನೂ ಹಿಂಜರಿಯುತ್ತಾರೆ. ಅದರ ಬಗ್ಗೆ ಮುಂದಿನ ಭೇಟಿಯಲ್ಲಿ ಮಾತನಾಡಬೇಕಿದೆ.